ತುಂಬು ಬಸುರಿ, ಪಕ್ಕದಲ್ಲಿ ಗಂಡ

ಮಾತಾಡುತ್ತಿರುವವರು ಅಕ್ಕ-ತಂಗಿ. ಅಕ್ಕ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಬಹುಕಾಲದಿಂದ ನರ್ಸ್. ತಂಗಿ ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ಬೆಂಗಳೂರಿನಿಂದ ಶಿವಮೊಗ್ಗದ ತವರಿಗೆ ಬಂದಿದ್ದಾಳೆ. ಈಗ 34ನೇ ವಾರ. ಗಂಡ ಶನಿವಾರ ಬಂದು ಭಾನುವಾರ ರಾತ್ರಿ ಹೊರಡುತ್ತಾನೆ. ನಮ್ಮ ಮನೆಗಳಲ್ಲಿ ಬಾಯಿ ಬಿಟ್ಟು ಆಡದ ಮಾತುಗಳಿವು. ಅದಕ್ಕೇ ಆಡಿದಂತೆಯೇ ಬರೆದಿದ್ದೇನೆ.

ತಂಗಿ: ಅಕ್ಕ, ಈ ಸಲನೂ ಅಮ್ಮ ಅವರಿಗೆ ಹಾಲ್‌ನಲ್ಲೇ ಹಾಸಿಗೆ ಹಾಕಿದ್ಲು. ಅವರೂ ತುಟಿಪಿಟಕ್ಕೆನ್ನದೆ ಹೋಗಿ ಮಲಗಿದ್ರು. ನನಗೆ ಅಳು ಬಂತು. ಅದರ ಹಿಂದೆಯೇ ಸಮಾಧಾನನೂ ಆಯ್ತು.

ಅಕ್ಕ: ಅಳು ಅರ್ಥ ಆಗತ್ತೆ. ಸಮಾಧಾನ ಯಾಕೆ?

ತಂಗಿ: ಪಕ್ಕದಲ್ಲಿದ್ರೆ ಅವರು ಏನಾದ್ರೂ ಬಯಸಬಹುದು, ನಾನು ಆಗಲ್ಲ ಅನ್ನಬೇಕು. ಮಗ್ಗುಲು ಬದಲಾಯಿಸೋಕೇ ಕೈ ಊರಿ, ಉಸಿರು ಬಿಗಿಹಿಡಿದು ಒದ್ದಾಡ್ತೀನಿ. ಮಲಗಿದ ತಕ್ಷಣ ಎದೆಯುರಿ, ಹುಳಿತೇಗು. ಗಂಟೆಗೊಂದು ಸಲ ಬಾತ್‌ರೂಮು. ನಡುರಾತ್ರಿ ಮೀನಖಂಡ ಹಿಡ್ಕೊಂಡು ಕಿರುಚಿಬಿಡ್ತೀನಿ. ಇಷ್ಟೆಲ್ಲ ಇರುವಾಗ ಗಂಡನ ಸಲಿಗೆ ಯಾರಿಗೆ ಬೇಕು ಅನ್ಸತ್ತೆ. ಆದ್ರೆ ಅವರ ಕೈ ಮೈಮೇಲೆ ಇಲ್ಲದೆ ನಿದ್ದೆನೂ ಹತ್ತಲ್ಲ.

ಅಕ್ಕ: ಎರಡೂ ನಿಜ ಕಣೇ. ಮೊದಲು ನೋವಿನದ್ದು ನೋಡೋಣ. ಎಲ್ಲಿ, ಯಾವಾಗ ಅಂತ ಬಿಡಿಸಿ ಹೇಳು. ಒಪಿಡಿಯಲ್ಲಿ ಎಲ್ಲರೂ "ಸೊಂಟ ನೋವು ಸಿಸ್ಟರ್" ಅಂದು ಸುಮ್ಮನಾಗಿಬಿಡ್ತಾರೆ.

ತಂಗಿ: ಹಿಂದುಗಡೆ, ಸೊಂಟದ ಕೆಳಗೆ ಎರಡೂ ಕಡೆ. ಮುಂದುಗಡೆ ಮೂತ್ರದ್ವಾರದ ಮೇಲಿನ ಎಲುಬು. ಒಂದು ಕಾಲ ಮೇಲೆ ನಿಂತು ಪ್ಯಾಂಟು ಹಾಕ್ಕೊಳ್ಳುವಾಗ, ಮೆಟ್ಟಿಲು ಹತ್ತುವಾಗ, ಕಾಲು ಅಗಲಿಸಿ ಮಂಚ ಇಳಿಯುವಾಗ ಚುಚ್ಚಿದ ಹಾಗಾಗತ್ತೆ. ಬಸುರಿಯರಿಗೆಲ್ಲ ಇರೋದೇ ಅಂತಾಳೆ ಅಮ್ಮ.

ಅಕ್ಕ: ಇರೋದೇ ಅನ್ನೋದು ನಿಜ. ಹಲ್ಲುಕಚ್ಚಿ ಸಹಿಸಲೇಬೇಕು ಅನ್ನೋದು ಸುಳ್ಳು. ಬಸಿರಿನ ಹಾರ್ಮೋನುಗಳಿಂದ ಕೀಲುಗಳನ್ನು ಹಿಡಿದಿಡೋ ಕಟ್ಟುಗಳು ಸಡಿಲ ಆಗ್ತವೆ. ಹೊಟ್ಟೆಯ ಭಾರ ಮುಂದಕ್ಕೆ ಬರತ್ತೆ, ನಡಿಗೆ ಬದಲಾಗತ್ತೆ. ಮುಂದುಗಡೆ ನೋವು ಅಂದ್ಯಲ್ಲ, ಸೊಂಟದ ಎರಡು ಕಡೆಯ ಎಲುಬು ಕೂಡೋ ಜಾಗ ಅದು. ಅಲ್ಲಿ ಸ್ವಲ್ಪ ಅಲುಗಾಟ ಹೆಚ್ಚಾದ್ರೂ ನೋವು. ಐದು ಬಸುರಿಯರಲ್ಲಿ ಒಬ್ಬಳಿಗೆ ಇದು ಬರತ್ತೆ. ಫಿಸಿಯೋಥೆರಪಿಯಿಂದ ಇದು ಕಡಿಮೆ ಆಗತ್ತೆ ಅಂತ ನಮ್ಮವರಿಗೆ ಯಾರೂ ಹೇಳಲ್ಲ. ನೀನು ಕೂತ್ಕೊಂಡೇ ಪ್ಯಾಂಟು ಹಾಕ್ಕೊ. ಮಗ್ಗುಲು ಬದಲಿಸುವಾಗ ಮಂಡಿ ಎರಡೂ ಜೋಡಿಸಿ, ಮಧ್ಯೆ ದಿಂಬಿಟ್ಟು, ಸೊಂಟ-ಭುಜ ಒಟ್ಟಿಗೇ ತಿರುಗಿಸು. ಏಳುವಾಗಲೂ ಹಾಗೇ, ಮಗ್ಗುಲಾಗಿ ಕಾಲು ಕೆಳಗಿಳಿಸಿ ಆಮೇಲೆ ಏಳು.

ತಂಗಿ: ಎಡಮಗ್ಗುಲಲ್ಲೇ ಮಲಗಬೇಕಂತೆ, ಬಲಕ್ಕೆ ತಿರುಗಿದ್ರೆ ಮಗುವಿಗೆ ಆಗಲ್ವಂತೆ. ಎಚ್ಚರ ಆಗಿ ನೋಡಿದ್ರೆ ಅಂಗಾತ ಇರ್ತೀನಿ. ಎದೆ ಝಲ್ಲನ್ನತ್ತೆ.

ಅಕ್ಕ: 28 ವಾರ ಆದ ಮೇಲೆ ನಿದ್ದೆಗೆ ಹೋಗುವಾಗ ಮಗ್ಗುಲಾಗಿ ಹೋಗಬೇಕು, ಅಷ್ಟೇ. ಎಡನೋ ಬಲನೋ, ಯಾವುದಾದ್ರೂ ಆಗತ್ತೆ. ಅಂಗಾತ ಮಲಗಿದ್ರೆ ತುಂಬಿದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಕೂರತ್ತೆ, ಹೃದಯಕ್ಕೆ ವಾಪಸ್ ಹೋಗೋ ರಕ್ತ ಕಮ್ಮಿ ಆಗತ್ತೆ, ಮಗುವಿಗೆ ಸೇರೋದೂ ಕಮ್ಮಿ. ಎಚ್ಚರ ಆದಾಗ ಅಂಗಾತ ಇದ್ರೆ ಸುಮ್ಮನೆ ತಿರುಗಿ ಮಲಗು, ಹೆದರಬೇಡ. ಎದೆಯುರಿಗೆ ರಾತ್ರಿ ಊಟ ಬೇಗ ಮಾಡು, ತಲೆದಿಂಬು ಎತ್ತರ ಇಟ್ಕೋ. ತಡೆಯೋಕಾಗದಿದ್ರೆ ಬಸುರಿಯರಿಗೆ ಕೊಡೋ ಔಷಧ ಇದೆ, ಕೇಳಿ ತಗೋ. ಕಾಲು ಸೆಳೆತಕ್ಕೆ ಪಾದದ ಬೆರಳುಗಳನ್ನ ಮುಖದ ಕಡೆಗೆ ಎಳೀಬೇಕು. ಆ ಹೊಟ್ಟೆ ಇಟ್ಕೊಂಡು ನಿನಗೆ ಬಗ್ಗೋಕಾಗಲ್ಲ, ಇನ್ನೊಬ್ಬರ ಕೈ ಬೇಕು. ಹಾಲ್‌ನಲ್ಲಿ ಮಲಗಿದವರ ಕೈ ಅಲ್ಲಿವರೆಗೆ ಬರಲ್ಲ.

ತಂಗಿ: ಪಕ್ಕದಲ್ಲಿದ್ರೂ ಅವರು ಮುಟ್ಟಲ್ಲ ಅಕ್ಕ. ಬೆಂಗಳೂರಿನಲ್ಲಿದ್ದಾಗಲೇ ಶುರುವಾಯ್ತು. ಮಂಚದ ಆ ತುದಿಗೆ ಹೋಗಿ ಗೋಡೆ ಕಡೆ ಮುಖ ಮಾಡ್ತಿದ್ರು. ಹೊಟ್ಟೆ ಮೇಲೆ ಗೆರೆ ಬಿದ್ದಿವೆ, ಕುತ್ತಿಗೆ ಕಪ್ಪಾಗಿದೆ, ಪಾದ ಊದಿವೆ. ಅಸಹ್ಯ ಆಗಿದ್ದೀನೇನೋ ಅಂತ ಒಳಗೊಳಗೇ ಕೊರಗಿದೆ.

ಅಕ್ಕ: ಕೇಳಿದ್ಯಾ ಅವರನ್ನ?

ತಂಗಿ: ಕೇಳಿದೆ, ಮೊನ್ನೆ ಫೋನಲ್ಲಿ. ಎದುರಿಗೆ ಕೇಳೋಕಾಗಲಿಲ್ಲ. "ಡಾಕ್ಟರ್ ದೂರ ಇರಿ ಅಂದಿದ್ರಲ್ಲ" ಅಂದ್ರು.

ಅಕ್ಕ: ಯಾವಾಗ ಅಂದಿದ್ದು?

ತಂಗಿ: ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ. ಮಾಸು ಕೆಳಗಿದೆ ಅಂತ ಬಂದಿತ್ತು. ಭಾರ ಎತ್ತಬೇಡಿ, ಗಂಡ-ಹೆಂಡತಿ ದೂರ ಇರಿ ಅಂದ್ರು. 32ನೇ ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿದ್ರು, ಮಾಸು ಮೇಲೆ ಹೋಗಿದೆ, ನಾರ್ಮಲ್ ಅಂದ್ರು.

ಅಕ್ಕ: ಆಗ, ಇನ್ನು ದೂರ ಇರಬೇಕಾಗಿಲ್ಲ ಅಂತ ಹೇಳಿದ್ರಾ?

ತಂಗಿ: ಇಲ್ಲ. ನಾವೂ ಕೇಳಲಿಲ್ಲ. ಅದನ್ನೆಲ್ಲ ಹೇಗೆ ಕೇಳೋದು?

ಅಕ್ಕ: ನೋಡು, ಇಲ್ಲೇ ಎಡವೋದು. ಬೇಡ ಅನ್ನೋಕೆ ಒಂದು ಕ್ಷಣ ಸಾಕಾಗತ್ತೆ. ಅದು ಯಾಕೆ, ಎಷ್ಟು ದಿನ, ಏನೇನು ಬೇಡ ಅಂತ ಹೇಳೋಕೆ ಯಾರಿಗೂ ಪುರಸೊತ್ತಿಲ್ಲ. ಐದನೇ ತಿಂಗಳಲ್ಲಿ ಮಾಸು ಕೆಳಗಿದೆ ಅಂತ ಬಂದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಗರ್ಭಕೋಶ ಬೆಳೆದ ಹಾಗೆ ಅದು ಮೇಲೆ ಸರಿಯತ್ತೆ. ಕಾರಣ ಹೋಯ್ತು, ಮಾತು ಮಾತ್ರ ಉಳೀತು. ಆ ಮಾತಿಗೆ ಅಂಟಿಕೊಂಡು ಅವರು ನಿನ್ನ ಬೆನ್ನ ಮೇಲೆ ಕೈ ಇಡೋದನ್ನೂ ಬಿಟ್ರು, ನೀನು ಕನ್ನಡಿ ನೋಡ್ಕೊಂಡು ಅತ್ತೆ. ಇದು ನನಗೆ ಹೊಟ್ಟೆ ಉರಿಸೋ ಸಂಗತಿ.

ತಂಗಿ: ಹಾಗಾದ್ರೆ ಈಗ ಸೇರಬಹುದು ಅಂತೀಯಾ? ಮಗುವಿಗೆ ಪೆಟ್ಟು ಬೀಳಲ್ವಾ?

ಅಕ್ಕ: ತೊಂದರೆ ಇಲ್ಲದ ಬಸಿರಲ್ಲಿ ಕೊನೆವರೆಗೂ ಸೇರಬಹುದು. ಮಗು ನೀರಿನ ಚೀಲದೊಳಗಿದೆ, ಸುತ್ತ ಗರ್ಭಕೋಶದ ದಪ್ಪ ಸ್ನಾಯು ಇದೆ, ಅದರ ಬಾಯಿಗೆ ಬಾಟಲಿ ಬಿರಡೆ ಹಾಗೆ ಗಟ್ಟಿ ಲೋಳೆ ಕೂತಿದೆ. ಗಂಡನ ಅಂಗ ಮಗುವಿನವರೆಗೆ ಹೋಗಲ್ಲ. ಸುಖದ ತುದಿ ಮುಟ್ಟಿದಾಗ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಾಗತ್ತೆ, ಎಷ್ಟೋ ಜನ ಆಗಲೇ ಗಾಬರಿ ಬೀಳೋದು. ಮಗ್ಗುಲಾಗಿ ಮಲಗಿ ನೀರು ಕುಡಿದ್ರೆ ಸ್ವಲ್ಪ ಹೊತ್ತಿಗೆ ಅದು ಇಳಿಯತ್ತೆ. ಇಳೀದೆ, ಮತ್ತೆ ಮತ್ತೆ ಲೆಕ್ಕ ಹಿಡಿದ ಹಾಗೆ ಬಂದ್ರೆ ಆಸ್ಪತ್ರೆಗೆ ಬರಬೇಕು.

ತಂಗಿ: ಬೇಡವೇ ಬೇಡ ಅನ್ನೋದು ಯಾರಿಗೆ?

ಅಕ್ಕ: ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತೇ ಇದ್ರೆ. ರಕ್ತ ಕಾಣಿಸ್ತಿದ್ರೆ. ನೀರು ಹೋಗಿಬಿಟ್ಟಿದ್ರೆ, ಯಾಕಂದ್ರೆ ಆಮೇಲೆ ಸೋಂಕು ನೇರವಾಗಿ ಒಳಗೆ ಹೋಗತ್ತೆ. ಬಾಯಿ ಬೇಗ ತೆರೆದು ಹೊಲಿಗೆ ಹಾಕಿದ್ರೆ, ದಿನ ತುಂಬೋ ಮೊದಲೇ ನೋವು ಬರೋ ಲಕ್ಷಣ ಇದ್ರೆ. ಅವಳಿ ಇದ್ರೆ ಡಾಕ್ಟರನ್ನ ಕೇಳಿಯೇ. ಸೇರಿದ ಮೇಲೆ ಒಂದೆರಡು ಹನಿ ರಕ್ತ ಕಂಡ್ರೆ ಬಹಳ ಸಲ ಅದು ಮೆತ್ತಗಾದ ಬಾಯಿಯಿಂದ ಬಂದಿರತ್ತೆ, ಆದ್ರೂ ತೋರಿಸಬೇಕು, ಮನೇಲಿ ಊಹೆ ಮಾಡ್ತಾ ಕೂರಬಾರದು. ನಿನ್ನ ವಿಷಯದಲ್ಲೂ ನನ್ನ ಮಾತೇ ಕೊನೆ ಅಲ್ಲ. ನಾನು ನಿನ್ನ ಸ್ಕ್ಯಾನ್ ರಿಪೋರ್ಟು ನೋಡಿಲ್ಲ. ನೋಡಿದವರ ಬಾಯಲ್ಲೇ ಕೇಳು.

ತಂಗಿ: ಅಮ್ಮನ ಪ್ರಕಾರ ಏಳು ತಿಂಗಳಾದ ಮೇಲೆ ಗಂಡನ ನೆರಳೂ ಬೀಳಬಾರದು. ಹಿರಿಯರು ಸುಮ್ಮನೆ ಹೇಳಿಲ್ಲ ಅಂತಾಳೆ.

ಅಕ್ಕ: ಸುಮ್ಮನೆ ಹೇಳಿಲ್ಲ, ಅದನ್ನ ನಾನೂ ಒಪ್ತೀನಿ. ಬಸುರಿ ಏನೇನು ಬಿಡಬೇಕು ಅಂತ ಸುಶ್ರುತ ಸಂಹಿತೆಯಲ್ಲಿ ಹೇಳೋವಾಗ ಸಂಭೋಗನೂ ಬರತ್ತೆ. ಆಗ ಮಾಸು ಎಲ್ಲಿದೆ ಅಂತ ನೋಡೋಕೆ ಸ್ಕ್ಯಾನ್ ಇರಲಿಲ್ಲ, ರಕ್ತ ಕೊಡೋ ಬ್ಯಾಂಕಿರಲಿಲ್ಲ. ಯಾರಿಗೆ ಅಪಾಯ ಅಂತ ಗೊತ್ತಾಗದಿದ್ದಾಗ ಎಲ್ಲರಿಗೂ ಬೇಡ ಅನ್ನೋದು ಆ ಕಾಲಕ್ಕೆ ಜಾಣತನವೇ. ತವರಿಗೆ ಕರ್ಕೊಂಡು ಬರೋದರಲ್ಲೂ ಹೆಣ್ಣಿನ ಮೇಲೆ ಕರುಣೆ ಇತ್ತು ಕಣೇ. ಅತ್ತೆ ಮನೆಯ ಗೇಯ್ಮೆಯಿಂದ ಬಿಡುವು, ಬೇಡ ಅಂದ್ರೂ ಕೇಳದ ಗಂಡನಿಂದ ಬಿಡುವು. ಎಷ್ಟೋ ಹೆಣ್ಣುಮಕ್ಕಳು ಆ ಮೂರ್ನಾಲ್ಕು ತಿಂಗಳು ಮಾತ್ರ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾರೆ. ಅಮ್ಮನ ಮೇಲೆ ಕೋಪ ಮಾಡ್ಕೋಬೇಡ. ಅವಳು ನಿನ್ನನ್ನ ಕಾಯ್ತಿದ್ದಾಳೆ. ಆದ್ರೆ ನಿನ್ನ ಗಂಡ ಹಾಗೆ ಕಾವಲು ಬೇಕಾಗೋ ಪೈಕಿ ಮನುಷ್ಯ ಅಲ್ಲವಲ್ಲ.

ತಂಗಿ: ಅಲ್ಲ. ಪಾಪ, ಹೆದರಿದ್ದಾರೆ ಅಷ್ಟೇ. ಇನ್ನೊಂದು ಕೇಳ್ಲಾ? ಕೊನೇ ವಾರದಲ್ಲಿ ಸೇರಿದ್ರೆ ಹೆರಿಗೆ ಸಲೀಸಾಗಿ ಬೇಗ ಆಗತ್ತೆ ಅಂತ ಆಫೀಸಿನಲ್ಲಿ ಗೆಳತಿಯರು ಹೇಳ್ತಿದ್ರು.

ಅಕ್ಕ: ವೀರ್ಯದಲ್ಲಿ ಪ್ರೊಸ್ಟಾಗ್ಲಾಂಡಿನ್ ಇದೆ. ಗರ್ಭಕೋಶದ ಬಾಯಿ ಹಣ್ಣು ಮಾಡೋಕೆ ಆಸ್ಪತ್ರೆಯಲ್ಲಿ ಇಡೋ ಔಷಧನೂ ಅದೇ ಜಾತಿಯದು. ಅಲ್ಲಿಂದ ಹುಟ್ಟಿದ ಮಾತು. ಆದ್ರೆ ಸೇರಿದ್ರಿಂದ ನೋವು ಶುರುವಾಗತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಮನಸ್ಸಿದ್ರೆ ಸೇರಿ. ಹೆರಿಗೆಗೆ ಔಷಧ ಅಂತ ಮನಸ್ಸಿಲ್ಲದೆ ಸೇರಬೇಡಿ.

ತಂಗಿ: ಅದೇ ನನ್ನ ಕಷ್ಟ. ಮನಸ್ಸಿಲ್ಲ ಅಕ್ಕ. ನೀನು ಇಷ್ಟೊತ್ತು ಸೇರಬಹುದು ಸೇರಬಹುದು ಅಂದೆ. ಡಾಕ್ಟರೂ ನಾಳೆ ಸರಿ ಅಂದ್ರೆ ಆಮೇಲೆ ನನಗೆ ನೆಪವೇ ಇರಲ್ಲ. ಅವರು ಕಾಯ್ತಿದ್ದಾರೇನೋ, ನಾನು ಕೊಡ್ತಿಲ್ಲವೇನೋ ಅನ್ನೋ ಭಾರ ಬೇರೆ ಹೊರಬೇಕು.

ಅಕ್ಕ: ನಿನಗೆ ನೆಪ ಯಾಕೆ ಬೇಕು? ಬೇಡ ಅಂದ್ರೆ ಬೇಡ, ಅಷ್ಟೇ. ಡಾಕ್ಟರ್ ಹೇಳೋದು ಅಪಾಯ ಇದೆಯೋ ಇಲ್ಲವೋ ಅನ್ನೋದು ಮಾತ್ರ. ಮಾಡಲೇಬೇಕು ಅನ್ನೋಕೆ ಅವರು ಯಾರು, ನಾನು ಯಾರು? ನಮ್ಮ ವಾರ್ಡಿಗೆ ಬರೋ ಹುಡುಗಿಯರನ್ನ ನೋಡಿದೀನಿ. ಎಂಟು ತಿಂಗಳ ಹೊಟ್ಟೆ ಇಟ್ಕೊಂಡು, ಗಂಡ ಬಿಡಲ್ಲ ಸಿಸ್ಟರ್, ನೀವೇ ಡಾಕ್ಟರ ಹತ್ರ ಬೇಡ ಅಂತ ಹೇಳಿಸಿ ಅಂತ ಕಣ್ಣೀರು ಹಾಕ್ತಾರೆ. ತನ್ನ ಮೈಗೆ ತಾನು ಬೇಡ ಅನ್ನೋಕೆ ಚೀಟಿ ಬೇಕು ಅವರಿಗೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಹಿಂಸೆ ಅಂತಲೇ ಹೇಳತ್ತೆ, ಗಂಡ ಮಾಡಿದ್ರೂ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಇದು ಎಷ್ಟು ಜನಕ್ಕೆ ಗೊತ್ತು? ನಿನ್ನ ಮನೇಲಿ ಆ ಕಷ್ಟ ಇಲ್ಲ. ಆದ್ರೆ ಬೇಡ ಅನ್ನೋ ಹಕ್ಕು ಒಳ್ಳೆ ಗಂಡ ಇದ್ದವಳಿಗೂ ಅಷ್ಟೇ ಇದೆ.

ತಂಗಿ: ಬೇಡ ಅಂದ್ರೆ ಅವರು ಮತ್ತೆ ಮಂಚದ ತುದಿಗೆ ಹೋಗ್ತಾರೆ.

ಅಕ್ಕ: ಯಾಕಂದ್ರೆ ನಿಮಗಿಬ್ಬರಿಗೂ ಮುಟ್ಟೋದು ಅಂದ್ರೆ ಅದೊಂದೇ. ಮುಟ್ಟಿದ್ರೆ ಅಲ್ಲಿಗೇ ಹೋಗಬೇಕು, ಅಲ್ಲಿಗೆ ಹೋಗದಿದ್ರೆ ಮುಟ್ಟಲೇಬಾರದು. ನೀನೇ ಬಾಯಿಬಿಟ್ಟು ಹೇಳು: ಇವತ್ತು ಸೇರೋದು ಬೇಡ, ಆದ್ರೆ ನನ್ನ ಹಿಂದೆ ಒತ್ತಿಕೊಂಡು ಮಲಗಿ. ಮಗ್ಗುಲಾಗಿ ಮಲಗಿದವಳ ಬೆನ್ನಿಗೆ ಗಂಡನ ಎದೆ ತಾಗಿದ್ರೆ ಅದೇ ಒಂದು ಒರಗು. ಸೊಂಟದ ಕೆಳಗೆ ಅಂಗೈ ಇಟ್ಟು ಒತ್ತಿ ಹಿಡೀಲಿ. ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಲಿ. ಸೀಮಂತಕ್ಕೆ ಬಂದವರೆಲ್ಲ ಏನು ತಿನ್ನೋಕೆ ಆಸೆ ಅಂತ ಕೇಳಿದ್ರು, ಮಾವಿನಕಾಯಿ ಚಿತ್ರಾನ್ನ, ಹೋಳಿಗೆ ಎಲ್ಲ ಮಾಡಿ ಬಡಿಸಿದ್ರು. ಯಾರಾದ್ರೂ ತಬ್ಬಿಕೊಳ್ಳಬೇಕು ಅನ್ನೋ ಆಸೆ ಇದೆಯಾ ಅಂತ ನಿನ್ನನ್ನ ಕೇಳಿದ್ರಾ?

ತಂಗಿ: ಕೇಳಿದ್ದರೆ ಅಲ್ಲೇ ಅತ್ತುಬಿಡ್ತಿದ್ದೆ.

ಅಕ್ಕ: ಮುಂದೆ ಮನಸ್ಸಾದ್ರೆ, ಇಬ್ಬರೂ ಮಗ್ಗುಲಾಗಿ, ಅವರು ಹಿಂದಿನಿಂದ. ಹೊಟ್ಟೆ ಮೇಲೆ ಭಾರ ಬೀಳಲ್ಲ, ನೀನು ಕಾಲು ತುಂಬ ಅಗಲಿಸಬೇಕಿಲ್ಲ. ಅಥವಾ ನೀನು ಮೇಲಿರು, ಎಷ್ಟು ಬೇಕು ಎಷ್ಟು ಸಾಕು ಅನ್ನೋದು ನಿನ್ನ ಕೈಲಿರತ್ತೆ. ನೋವಾದ ತಕ್ಷಣ ನಿಲ್ಲಿಸೋದು. ಮೊಲೆಯಿಂದ ಹಳದಿ ಹಾಲು ಜಿನುಗಬಹುದು, ಅದಕ್ಕೆ ನಾಚಬೇಡ, ಮಗುವಿನ ಮೊದಲ ಊಟ ಅದು. ಇನ್ನೊಂದು ಕೆಲಸ ಇದೆ, ಗಂಡನೂ ಮಾಡಬಹುದಾದ್ದು. 35ನೇ ವಾರದಿಂದ ಯೋನಿದ್ವಾರದ ಕೆಳಗಿನ ಭಾಗವನ್ನ ಎಣ್ಣೆ ಹಚ್ಚಿ ಹಗೂರ ನೀವಿ ಹಿಗ್ಗಿಸೋದು. ವಾರಕ್ಕೆ ಒಂದೆರಡು ಸಲ ಮಾಡಿದ್ರೂ, ಚೊಚ್ಚಲ ಹೆರಿಗೆಯಲ್ಲಿ ಅಲ್ಲಿ ಕತ್ತರಿ ಹಾಕಿ ಹೊಲಿಗೆ ಹಾಕೋ ಸಂಭವ ಕಮ್ಮಿ ಆಗತ್ತೆ. ಉಗುರು ಕತ್ತರಿಸಿ, ಕೈ ತೊಳೆದು. ಹೇಗೆ ಅಂತ ಚೆಕಪ್ಪಿನಲ್ಲಿ ತೋರಿಸ್ಕೊ. ಸೋಂಕಿದ್ರೆ, ರಕ್ತ ಹೋಗ್ತಿದ್ರೆ ಬೇಡ.

ತಂಗಿ: ಅವರು ಇದಕ್ಕೆ ಒಪ್ತಾರಾ? ಹೊಟ್ಟೆ ಮುಟ್ಟೋಕೇ ಹೆದರ್ತಾರೆ. ಮಗು ಒದ್ದಾಗ ಕೈ ಹಿಂದಕ್ಕೆ ತಗೊಂಡುಬಿಟ್ರು.

ಅಕ್ಕ: ಹೆದರಿಕೆ ಹೋಗೋದು ಹತ್ರ ಇದ್ದಾಗ. ಈ ತಿಂಗಳಿಗೆ ಮಗುವಿಗೆ ಚೆನ್ನಾಗಿ ಕೇಳಿಸತ್ತೆ. ಹೊಟ್ಟೆ ಹತ್ರ ಬಾಯಿಟ್ಟು ದಿನದ ಸುದ್ದಿ ಹೇಳಲಿ, ಹಾಡಲಿ. ಮಗುವಿನ ಚಲನೆ ಹೇಗಿರತ್ತೆ ಅಂತ ಅವರ ಅಂಗೈಗೂ ಗೊತ್ತಾಗಬೇಕು. ಯಾವತ್ತಾದ್ರೂ ಚಲನೆ ಕಮ್ಮಿ ಅನ್ಸಿದ್ರೆ ಬೆಳಗಾಗಲಿ ಅಂತ ಕಾಯಬಾರದು, ಆ ಹೊತ್ತಿಗೇ ಬರಬೇಕು. ಪಾದ ಊದೋದು ಸಾಮಾನ್ಯ. ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿ, ತಲೆನೋವು ಬಿಡದೆ, ಕಣ್ಣು ಮಂಜಾದ್ರೆ ಅದು ಬಿಪಿ ಏರಿದ ಲಕ್ಷಣ ಇರಬಹುದು. 140/90 ಮುಟ್ಟಿದ್ರೆ ತಡ ಮಾಡೋ ಹಾಗಿಲ್ಲ. ಅಂಗೈ ಅಂಗಾಲು ರಾತ್ರಿ ವಿಪರೀತ ಕಡಿತ ಆದ್ರೆ ಲಿವರಿನ ತೊಂದರೆಯೇನೋ ಅಂತ ರಕ್ತಪರೀಕ್ಷೆ ಮಾಡಿಸಬೇಕು. ಇದನ್ನೆಲ್ಲ ಪಕ್ಕದಲ್ಲಿ ಮಲಗಿದವರು ಮೊದಲು ಗಮನಿಸ್ತಾರೆ. 108ಕ್ಕೆ ಫೋನ್ ಮಾಡೋರೂ ಅವರೇ.

ತಂಗಿ: ಹೆರಿಗೆ ಹೊತ್ತಿನಲ್ಲಿ ಒಳಗೆ ಇರಬೇಕು ಅಂತ ಅವರಿಗೆ ಆಸೆ. ಬಿಡ್ತಾರಾ?

ಅಕ್ಕ: ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಹೆತ್ತು ಅನುಭವ ಇರೋ ಹೆಂಗಸರಿಗೆ ಮೊದಲ ಅವಕಾಶ. ಒಬ್ಬೊಬ್ಬರಿಗೂ ಮರೆ ಇರೋ ಕಡೆ ಗಂಡನನ್ನೂ ಬಿಡಬಹುದು. ನಮ್ಮಲ್ಲಿ ಒಂದೇ ಹಾಲಿನಲ್ಲಿ ಸಾಲು ಮಂಚ, ಅಲ್ಲಿ ಬೇರೆ ಹೆಂಗಸರ ಮಾನದ ಪ್ರಶ್ನೆ. ಮಂಚಗಳ ಮಧ್ಯೆ ಪರದೆ ಹಾಕಿಸಬೇಕು ಅಂತ ನಾನು ಕೇಳ್ತಾನೇ ಇದೀನಿ, ಬಿಡಲ್ಲ. ನೀನು ಹೋಗೋ ಕಡೆ ಈಗಲೇ ವಿಚಾರಿಸು. ಸೊಂಟ ಒತ್ತಿ ಹಿಡಿಯೋದನ್ನ ಈಗಿಂದ ಕಲಿತ ಕೈ ಆ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರತ್ತೆ.

ತಂಗಿ: ರಜೆಯದ್ದೇ ತಾಪತ್ರಯ. ನನಗೇನೋ 26 ವಾರ ಇದೆ. ಅವರ ಕಂಪನಿಯಲ್ಲಿ ಗಂಡಸರಿಗೆ ಕೆಲವೇ ದಿನ.

ಅಕ್ಕ: ಕೇಂದ್ರ ಸರ್ಕಾರಿ ನೌಕರನಾಗಿದ್ರೆ 15 ದಿನ ಸಿಗ್ತಿತ್ತು. ಖಾಸಗಿಯವರಿಗೆ ಕೊಡಲೇಬೇಕು ಅನ್ನೋ ಕಾನೂನಿಲ್ಲ. ಅಪ್ಪ ಆಗೋನಿಗೆ ಕೆಲಸ ಇರೋದು ಮಗು ಹುಟ್ಟಿದ ಮೇಲೆ ಸಿಹಿ ಹಂಚೋದು ಮಾತ್ರ ಅಂದ್ಕೊಂಡಿದ್ದಾರೆ ನಮ್ಮವರು. ಇರೋ ರಜೆಯಲ್ಲಿ ಒಂದು ದಿನ ಮಾತ್ರ ಹೆರಿಗೆಗೆ ಮುಂಚೆಯೇ ಖರ್ಚು ಮಾಡಲಿ.

ತಂಗಿ: ಯಾವತ್ತು?

ಅಕ್ಕ: ಮುಂದಿನ ಚೆಕಪ್ಪಿನ ದಿನ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇಟ್ಟಿರ್ತಾರೆ. ಹೆಂಡತಿಯರು ಒಳಗೆ ಕ್ಯೂನಲ್ಲಿ, ಗಂಡಂದಿರೆಲ್ಲ ಹೊರಗೆ ಬೈಕಿನ ಮೇಲೆ. ಒಳಗೆ ಹೇಳಿದ ಮಾತು ಅರ್ಧ ಕಿವಿಗೆ ಬಿದ್ದು, ಮನೆಗೆ ಹೋಗೋವಷ್ಟರಲ್ಲಿ ಇನ್ನೊಂದಾಗಿರತ್ತೆ. ನೀನು ಅವರನ್ನ ಒಳಗೆ ಕರ್ಕೊಂಡು ಹೋಗು. ಮಾಸು ಈಗ ಎಲ್ಲಿದೆ, ದೂರ ಇರಿ ಅಂದಿದ್ರಲ್ಲ ಅದು ಇನ್ನೂ ಇದೆಯಾ, ಇದ್ರೆ ಯಾಕೆ, ಎಲ್ಲಿವರೆಗೆ ಅಂತ ಅವರೇ ಕೇಳಲಿ. ಹೇಳಿದ್ದನ್ನ ತಾಯಿ ಕಾರ್ಡಿನಲ್ಲಿ ಬರೆಸ್ಕೊಳ್ಳಿ.